ಪಿತ್ತಳೆಯ ಕೊಳವೆಗೆ ಗಮಕ ಬಂದ ಬಗೆ

ನಿಮ್ಮ ಮನೆಯಲ್ಲಿ ವಾದ್ಯ ಕಲಿಯುವ ಮಗನೋ ಮಗಳೋ ಇದ್ದರೆ ಈ ಮಾತು ನಿಮ್ಮ ಅನುಭವಕ್ಕೂ ಬಂದಿರಬೇಕು. ಗಿಟಾರ್ ಮನೆಗೆ ಬಂದು ಆರು ತಿಂಗಳಾಗಿದೆ. ನಾಲ್ಕು ಹಾಡುಗಳು ಬೆರಳಿಗೆ ಹತ್ತಿವೆ. ಹಬ್ಬಕ್ಕೆ ಬಂದ ನೆಂಟರು ತಲೆದೂಗಿ ಹೋಗಿದ್ದಾರೆ. ಅಲ್ಲಿಂದ ಮುಂದೆ ವಿದ್ಯೆ ನಿಂತ ನೀರಾಗಿದೆ. ಅದೇ ಜಾಡಿನ ಐದನೆಯ ಹಾಡನ್ನು ಕಲಿಸಬೇಕೆ, ಅಥವಾ ಕೈಗೆ ಎಟುಕದ ಒಂದು ಹಾಡನ್ನು ಮುಂದಿಟ್ಟು ವರ್ಷವಿಡೀ ಅದರೊಡನೆ ಗುದ್ದಾಡಲು ಬಿಡಬೇಕೆ? ತಂದೆತಾಯಿಗಳು ಮೊದಲನೆಯದನ್ನು ಬಯಸುವರು; ಮನೆಯಲ್ಲಿ ಕೇಳುವುದಕ್ಕೆ ಹಿತವಾಗಿರಬೇಕಲ್ಲ! ಗುರುಗಳು, ಅವರು ನಿಜವಾಗಿ ಗುರುಗಳಾಗಿದ್ದರೆ, ಎರಡನೆಯದನ್ನು ಹೇಳುವರು.

ಪಾಶ್ಚಾತ್ಯರು ಈ ಎರಡನೆಯ ದಾರಿಗೆಂದೇ ಪ್ರತ್ಯೇಕ ರಚನೆಗಳನ್ನು ಮಾಡಿಟ್ಟುಕೊಂಡಿದ್ದಾರೆ. ಸ್ಪೇನಿನ ಫರ್ನಾಂಡೊ ಸೋರ್ (1778–1839) ಗಿಟಾರಿನ ಅಭ್ಯಾಸಕ್ಕಾಗಿಯೇ ಬರೆದ ಪಾಠಗಳನ್ನು ಇಂದಿಗೂ ಮಕ್ಕಳು ನುಡಿಸುತ್ತಾರೆ. ಬ್ರೆಜಿಲಿನ ವಿಲ್ಲಾ-ಲೋಬೋಸ್ 1929ರಲ್ಲಿ ಸೆಗೋವಿಯಾ ಎಂಬ ಮಹಾವಾದಕನಿಗಾಗಿ ಇಂಥ ಹನ್ನೆರಡನ್ನು ಬರೆದುಕೊಟ್ಟ. ಟಾರೆಗಾನ ಅಲ್ಹಂಬ್ರಾ ಸ್ಮರಣೆಯ ಪ್ರಸಿದ್ಧ ಕೃತಿಯಂತೂ ಒಂದೇ ಒಂದು ಕೈಚಳಕದ ಪಾಠ: ಹೆಬ್ಬೆರಳು ಮಂದ್ರದಲ್ಲಿ ತನ್ನ ಪಾಡಿಗೆ ನಡೆಯುತ್ತಿರಬೇಕು, ಉಳಿದ ಮೂರು ಬೆರಳುಗಳು ಒಂದೇ ಸ್ವರವನ್ನು ಮಳೆಹನಿಯಂತೆ ಮಿಡಿಯುತ್ತಿರಬೇಕು. ಆ ಹಾಡು ಬಂತೆಂದರೆ ಕೈ ಬಂತು. ಕೈ ಬಾರದೆ ಆ ಹಾಡು ಬಾರದು.

ಇದೆಲ್ಲ ದೂರದ ಮಾತಾಯಿತು. ಈ ಪ್ರಶ್ನೆಗೆ ನಮ್ಮ ದಕ್ಷಿಣ ಕನ್ನಡದ ಮಣ್ಣಿನಲ್ಲೇ ಒಂದು ಉತ್ತರ ಹುಟ್ಟಿದೆ. ಅದು ಗಿಟಾರಿನಲ್ಲಿ ಹುಟ್ಟಿದ್ದಲ್ಲ. ಗಿಟಾರಿಗಿಂತ ಎಷ್ಟೋ ಪಾಲು ಮೊಂಡಾದ, ನಮ್ಮ ಸಂಗೀತಕ್ಕೆ ಒಗ್ಗಲಾರದೆಂದು ಬಲ್ಲವರು ಕೈಬಿಟ್ಟಿದ್ದ ಇನ್ನೊಂದು ವಾದ್ಯದಲ್ಲಿ. ಅದರ ಕಥೆಯನ್ನು ತಮಗೆ ಹೇಳಬೇಕೆಂದೇ ಈ ಬರಹ.

ಮಂಗಳೂರಿನಿಂದ ಬಂಟ್ವಾಳದ ಕಡೆಗೆ ಹೊರಟು, ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟಿದರೆ ಸಜೀಪದ ಗ್ರಾಮಗಳು ಸಿಗುತ್ತವೆ. ಸಜೀಪಮೂಡ ಅವುಗಳಲ್ಲೊಂದು. ಅಡಿಕೆ, ತೆಂಗು, ಬಯಲುಗದ್ದೆ, ಹೊಳೆಯ ತಂಪು. ಅಲ್ಲಿ 1949ರ ಡಿಸೆಂಬರಿನಲ್ಲಿ ತನಿಯಪ್ಪ ಎಂಬ ನಾಗಸ್ವರ ವಾದಕರ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿತು. ಆಗ ಈ ಸೀಮೆ ಇನ್ನೂ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆ. ಮೈಸೂರು ಬೇರೆಯ ಸಂಸ್ಥಾನವಾಗಿತ್ತು. ಎರಡೂ ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ ಒಂದರಂದು. ಈ ಭೂಗೋಳವನ್ನು ಏಕೆ ಹೇಳಿದೆನೆಂದರೆ, ಆ ಹುಡುಗನ ಭವಿಷ್ಯದ ಒಂದು ಕೊನೆ ಮೈಸೂರಿನಲ್ಲಿಯೂ ಇನ್ನೊಂದು ಕೊನೆ ಮದರಾಸಿನಲ್ಲಿಯೂ ಗಂಟುಬಿದ್ದಿತ್ತು. ಮುಂದೆ ಲೋಕ ಅವರನ್ನು ಕದ್ರಿ ಗೋಪಾಲನಾಥ್ ಎಂದು ಕರೆಯಿತು.

ತುಳುನಾಡಿನಲ್ಲಿ ನಾಗಸ್ವರದ ಮನೆಯಲ್ಲಿ ಹುಟ್ಟುವುದೆಂದರೆ ಏನೆಂಬುದನ್ನು ಪಟ್ಟಣದ ಓದುಗರು ಸ್ವಲ್ಪ ಊಹಿಸಿಕೊಳ್ಳಬೇಕು. ನಮ್ಮಲ್ಲಿ ವಾದ್ಯವಿಲ್ಲದೆ ದೇವರು ಗರ್ಭಗುಡಿಯಿಂದ ಹೊರಡುವುದಿಲ್ಲ, ಮದುವಣಿಗ ಚಪ್ಪರಕ್ಕೆ ಬರುವುದಿಲ್ಲ, ಭೂತದ ಗಗ್ಗರ ಕಾಲಿಗೆ ಏರುವುದಿಲ್ಲ. ಬಲಿಯ ಸುತ್ತುಗಳಲ್ಲಿ ವಾದ್ಯಕ್ಕೆ ಅದರದೇ ಸುತ್ತುಗಳುಂಟು. ಕೋಲದಲ್ಲಿ ತಾಸೆ, ಡೋಲು, ಕೊಂಬುಗಳ ನಡುವೆ ನಾಗಸ್ವರ ಬೆಳಗಿನ ಜಾವದವರೆಗೆ ನುಡಿಯಬೇಕು. ಪಾತ್ರಿಯ ಹೆಜ್ಜೆ ಬದಲಾದಂತೆ ಕ್ಷಣಾರ್ಧದಲ್ಲಿ ತಾನೂ ಬದಲಾಗಬೇಕು. ಮಗು ಮಾತು ಕಲಿಯುವ ಮೊದಲೇ ಸೀವಾಳಿಯ ಸದ್ದನ್ನು ಕಲಿತಿರುತ್ತದೆ. ಹೀಗೆ ಗೋಪಾಲನಾಥರ ಮೊದಲ ವಿದ್ಯೆ ತಂದೆಯಿಂದ ಬಂದ ನಾಗಸ್ವರ. ಅದನ್ನು ನೆನಪಿನಲ್ಲಿಡಿ, ಏಕೆಂದರೆ ಮುಂದಿನ ಕಥೆಯ ಗುಟ್ಟೆಲ್ಲ ಅಲ್ಲಿಯೇ ಇದೆ.

ಯುವಕನಾಗಿದ್ದಾಗ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿದರು. ಮೈಸೂರಿನ ಅರಸರಿಗೆ ಪಾಶ್ಚಾತ್ಯ ಸಂಗೀತದಲ್ಲಿದ್ದ ಆಸಕ್ತಿ ತಮಗೆ ತಿಳಿದೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆಟೋ ಸ್ಮಿತ್ ಎಂಬ ಜರ್ಮನ್ ಸಂಗೀತಗಾರರೇ ಅರಮನೆಯ ವಾದ್ಯವೃಂದವನ್ನು ನಡೆಸಿದ್ದರು. ಇಂಗ್ಲಿಷ್ ಬ್ಯಾಂಡಿನ ಜೊತೆಗೆ ಕರ್ನಾಟಕ ಬ್ಯಾಂಡ್ ಎಂಬುದೂ ಅಲ್ಲಿತ್ತು. ವಿಲಾಯತಿ ವಾದ್ಯಗಳಲ್ಲಿ ನಮ್ಮ ಕೃತಿಗಳು ಕೇಳಿಬರುವುದು ಮೈಸೂರಿಗೆ ಹೊಸದಲ್ಲ. ಆದರೆ ಬ್ಯಾಂಡಿನಲ್ಲಿ ಹತ್ತು ಮಂದಿಯ ನಡುವೆ ಒಂದು ವಾದ್ಯ ಸೇರಿಕೊಂಡು ನುಡಿಯುವುದು ಬೇರೆ. ಅದೇ ವಾದ್ಯ ಒಂಟಿಯಾಗಿ, ತಂಬೂರಿಯ ಶ್ರುತಿಯ ಮುಂದೆ ಕುಳಿತು, ಒಂದು ರಾಗವನ್ನು ಅರ್ಧ ಗಂಟೆ ವಿಸ್ತರಿಸುವುದು ಬೇರೆ. ಗುಂಪಿನಲ್ಲಿ ಮುಚ್ಚಿಹೋಗುವ ಕುಂದು ಒಂಟಿಯಲ್ಲಿ ಎದ್ದು ಕಾಣುತ್ತದೆ.

ಆ ಕುಂದು ಯಾವುದು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂಗೀತಶಾಸ್ತ್ರ ಬಾರದವರಿಗೂ ಇದು ತಿಳಿಯುವ ವಿಷಯವೇ.

ಸ್ಯಾಕ್ಸೊಫೋನನ್ನು ಕಂಡುಹಿಡಿದವನು ಬೆಲ್ಜಿಯಮ್ಮಿನ ದಿನಾಂ ಎಂಬ ಊರಿನ ಅಡಾಲ್ಫ್ ಸ್ಯಾಕ್ಸ್. ಹುಟ್ಟಿದ್ದು 1814ರಲ್ಲಿ, ಪ್ಯಾರಿಸಿನಲ್ಲಿ ಈ ವಾದ್ಯಕ್ಕೆ ಹಕ್ಕುಪತ್ರ ಪಡೆದದ್ದು 1846ರಲ್ಲಿ. ನಾಗಸ್ವರದಂತೆ ಇದೂ ಬಾಯಿಯಿಂದ ತುದಿಗೆ ಅಗಲವಾಗುತ್ತಾ ಹೋಗುವ ಕೊಳವೆಯೇ. ಆದರೆ ನಾಗಸ್ವರ ಮರದ್ದು, ಇದು ಪಿತ್ತಳೆಯದು. ಅದಕ್ಕೆ ಜೋಡಿ ಎಲೆಯ ಸೀವಾಳಿ, ಇದಕ್ಕೆ ಒಂದೇ ಪಟ್ಟಿಯ ರೀಡು. ಮುಖ್ಯ ಭೇದ ಇವಾವುವೂ ಅಲ್ಲ. ನಾಗಸ್ವರದಲ್ಲಿ ಬೆರಳಿನ ಮಾಂಸವೇ ರಂಧ್ರವನ್ನು ಮುಚ್ಚುತ್ತದೆ. ಆದ್ದರಿಂದ ರಂಧ್ರವನ್ನು ಅರ್ಧ ತೆರೆಯಬಹುದು, ಕಾಲು ತೆರೆಯಬಹುದು, ಎಳ್ಳಷ್ಟು ತೆರೆದು ಮತ್ತೆ ಮುಚ್ಚಬಹುದು. ಒಂದು ಸ್ವರದಿಂದ ಇನ್ನೊಂದಕ್ಕೆ ಎಣ್ಣೆಯ ಧಾರೆಯಂತೆ ಜಾರಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ಭೇಟಿಯೇ ಇಲ್ಲ. ನಡುವೆ ಇಪ್ಪತ್ತಕ್ಕೂ ಮೇಲ್ಪಟ್ಟು ಕೀಲಿಗಳು, ಸಲಾಕೆಗಳು, ಸ್ಪ್ರಿಂಗುಗಳು, ಮೆತ್ತೆಗಳು. ಬೆರಳು ಒತ್ತಿದರೆ ಎಲ್ಲೋ ದೂರದಲ್ಲಿ ಒಂದು ಮುಚ್ಚಳ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ಬಾಗಿಲು ತೆರೆದಿರಬೇಕು ಇಲ್ಲವೆ ಮುಚ್ಚಿರಬೇಕು; ಓರೆ ಮಾಡಿ ಇಣುಕುವ ಅವಕಾಶ ತೀರಾ ಕಡಮೆ.

ನಮ್ಮ ಸಂಗೀತದ ಜೀವವೆಲ್ಲ ಆ ಓರೆ ಬಾಗಿಲಿನಲ್ಲಿದೆ. ತೋಡಿಯ ಗಾಂಧಾರವನ್ನು ತೆಗೆದುಕೊಳ್ಳಿ. ಪುಸ್ತಕದಲ್ಲಿ ಅದು ಒಂದು ಸ್ವರಸ್ಥಾನ. ಹಾಡುವವರ ಕಂಠದಲ್ಲಿ ಅದು ಒಂದೆಡೆ ನಿಂತು ಕೇಳುವ ಸ್ವರವೇ ಅಲ್ಲ. ಮೇಲಕ್ಕೂ ಕೆಳಕ್ಕೂ ತೂಗುತ್ತಲೇ ಇರುವ ಒಂದು ತೊಟ್ಟಿಲು. ಭೈರವಿಯಲ್ಲಿ ಏರುವಾಗ ಒಂದು ಧೈವತ, ಇಳಿಯುವಾಗ ಇನ್ನೊಂದು. ಅವೆರಡರ ನಡುವಿನ ನಯವನ್ನು ಸ್ವರಲಿಪಿಯಲ್ಲಿ ಬರೆದು ತೋರಿಸಲಾಗದು. ಇಂಥ ರಾಗವನ್ನು ಕೀಲಿಯ ವಾದ್ಯದಲ್ಲಿ ಸ್ವರಲಿಪಿಯಂತೆ ನುಡಿಸಿದರೆ ಬೆನ್ನೆಲುಬು ಬರುತ್ತದೆ, ಮೈ ಬರುವುದಿಲ್ಲ.

ಇದೇ ಆಕ್ಷೇಪಣೆಯ ಮೇಲೆ ಒಂದು ವಾದ್ಯ ನಮ್ಮ ಬಾನುಲಿಯಿಂದಲೇ ಗಡೀಪಾರಾಗಿದ್ದುದನ್ನು ಹಳಬರು ಬಲ್ಲರು. ಹಾರ್ಮೋನಿಯಮ್ಮಿನ ಮನೆಗಳು ಸ್ಥಿರ, ಅದರಲ್ಲಿ ಗಮಕ ಹೊರಡದು ಎಂಬ ಕಾರಣದಿಂದ 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು. ಸುಮಾರು ಮೂವತ್ತು ವರ್ಷ ಆ ನಿಷೇಧ ನಡೆದು, 1970ರ ದಶಕದ ಆರಂಭದಲ್ಲಿ ಸಡಿಲವಾಯಿತು. ಮನೆಯಲ್ಲಿ ಹಾರ್ಮೋನಿಯಮ್ ಇಟ್ಟುಕೊಂಡು ರೇಡಿಯೋದಲ್ಲಿ ಸಾರಂಗಿ ಕೇಳಿದ ತಲೆಮಾರು ಅದು. ನಿಷೇಧ ಸರಿಯೋ ತಪ್ಪೋ, ಈಗ ಆ ಜಗಳ ಬೇಡ. ಆದರೆ ಅದರ ಹಿಂದಿನ ವಾದ ಹುರುಳಿಲ್ಲದ್ದಲ್ಲ. ಅದೇ ವಾದವನ್ನು ಸ್ಯಾಕ್ಸೊಫೋನಿನ ಮೇಲೆ ಹೂಡಿದ್ದರೆ ಅದು ಬಾಗಿಲಲ್ಲೇ ನಿಲ್ಲಬೇಕಾಗಿತ್ತು.

ಇನ್ನು ಕಲಿಕೆಯ ಮಾತಿಗೆ ಬರೋಣ. ಇಂಥ ವಾದ್ಯವನ್ನು ಕೈಯಲ್ಲಿ ಹಿಡಿದವನಿಗೆ ಎರಡು ದಾರಿಗಳಿರುತ್ತವೆ. ವಾದ್ಯಕ್ಕೆ ಒಪ್ಪುವ ಹಾಡುಗಳನ್ನು ಆರಿಸಿಕೊಳ್ಳುವುದು ಒಂದು. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಸೃಷ್ಟಿಸಿದ ಕದನಕುತೂಹಲದಂಥ ರಾಗ ಸ್ಯಾಕ್ಸೊಫೋನಿಗೆ ಹೇಳಿ ಮಾಡಿಸಿದಂತಿದೆ: ಸ್ವರಗಳು ಕುಪ್ಪಳಿಸಿ ಕುಪ್ಪಳಿಸಿ ಹೋಗುತ್ತವೆ, ಬ್ಯಾಂಡಿನ ಠೀವಿ ತಾನಾಗಿ ಬರುತ್ತದೆ. ಮೋಹನ, ಹಂಸಧ್ವನಿಗಳೂ ಕೀಲಿಯ ವಾದ್ಯಕ್ಕೆ ಬಹಳ ಕಷ್ಟ ಕೊಡುವುದಿಲ್ಲ. ಸಭೆ ಚಪ್ಪಾಳೆ ತಟ್ಟುತ್ತದೆ. ಇನ್ನೊಂದು ದಾರಿ, ವಾದ್ಯ ಯಾವುದನ್ನು ಒಲ್ಲೆನೆನ್ನುವುದೋ ಅದನ್ನೇ ಅದರ ಬಾಯಿಂದ ಹೊರಡಿಸುವುದು. ಮೊದಲನೆಯ ದಾರಿಯಲ್ಲಿ ಹಾಡುಗಳ ಪಟ್ಟಿ ಬೆಳೆಯುತ್ತದೆ. ಎರಡನೆಯದರಲ್ಲಿ ವಾದಕ ಬೆಳೆಯುತ್ತಾನೆ.

ಚರಿತ್ರೆಯಲ್ಲಿ ಇದಕ್ಕೆ ಹಿಂದೊಮ್ಮೆ ಪಿಟೀಲು ಸಾಕ್ಷಿ ಹೇಳಿದೆ. ಮುತ್ತುಸ್ವಾಮಿ ದೀಕ್ಷಿತರು (1775–1835) ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತದ ಸಾಹಿತ್ಯವನ್ನು ಕೂಡಿಸಿ ನೋಟ್ಟುಸ್ವರಗಳೆಂಬ ಪುಟ್ಟ ಹಾಡುಗಳನ್ನು ರಚಿಸಿದರು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕಲಿತು ನಮ್ಮ ಸಂಗೀತಕ್ಕೆ ತಂದರು. ನೋಟ್ಟುಸ್ವರಗಳು ಚೆಲುವಾದ ಹಾಡುಗಳು, ಮಕ್ಕಳಿಗೆ ಇಂದಿಗೂ ಪ್ರಿಯ. ಆದರೆ ಪಿಟೀಲು ಅಷ್ಟಕ್ಕೇ ತೃಪ್ತವಾಗಿದ್ದರೆ ಅದು ಎಂದೆಂದಿಗೂ ಬ್ಯಾಂಡಿನ ವಾದ್ಯವಾಗಿಯೇ ಇರುತ್ತಿತ್ತು. ವರ್ಣಗಳನ್ನೂ ದೊಡ್ಡ ಕೃತಿಗಳನ್ನೂ ಹಾಡುಗಾರನ ಬೆನ್ನಿಗೆ ಕುಳಿತು ನುಡಿಸಬೇಕಾಗಿ ಬಂದಾಗಲೇ ಅದರ ಹಿಡಿತ ಬದಲಾಯಿತು, ಕುಳಿತುಕೊಳ್ಳುವ ಭಂಗಿ ಬದಲಾಯಿತು, ಬೆರಳಿನ ಜಾರುನಡೆ ಬಂತು. ನಮ್ಮ ತಿರುಮಕೂಡಲು ಚೌಡಯ್ಯನವರು (1895–1967) ನಾಲ್ಕು ತಂತಿ ಸಾಲದೆಂದು ಏಳು ತಂತಿ ಕಟ್ಟುವವರೆಗೆ ಅದು ಹೋಯಿತು. ಹಾಡು ಕೇಳಿದ್ದನ್ನು ವಾದ್ಯ ಕೊಡಬೇಕು. ಕೊಡದಿದ್ದರೆ ವಾದ್ಯವನ್ನೇ ತಿದ್ದಬೇಕು.

ಗೋಪಾಲನಾಥರು ಮಾಡಿದ್ದೂ ಇದನ್ನೇ. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಅವರು ಸ್ಯಾಕ್ಸೊಫೋನಿನ ಮೇಲೆ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ಅಲ್ಲಿಂದ ಮದರಾಸಿಗೆ ಹೋದಾಗ ಟಿ.ವಿ. ಗೋಪಾಲಕೃಷ್ಣನ್ ಅವರ ಶಿಷ್ಯತ್ವ ದೊರಕಿತು. ಈ ಎರಡನೆಯ ಗುರುಗಳು ಯಾರೆಂಬುದನ್ನು ಗಮನಿಸಬೇಕು. ಅವರು ಊದುವ ವಾದ್ಯದವರಲ್ಲ. ಚೆಂಬೈ ವೈದ್ಯನಾಥ ಭಾಗವತರ ಶಿಷ್ಯರು. ಹಾಡುಗಾರರು, ಜೊತೆಗೆ ಮೃದಂಗ ವಿದ್ವಾಂಸರು. ಕೀಲಿಗಳ ಮೇಲೆ ಬೆರಳು ಎಲ್ಲಿಡಬೇಕೆಂದು ಹಾಡುಗಾರ ಹೇಳಲಾರ. ಹೀಗೆ ಕೇಳಿಸಬೇಕು ಎಂದು ಹಾಡಿ ತೋರಿಸಬಲ್ಲ. ಅದು ಬರುವವರೆಗೆ ಬಿಡದಿರಬಲ್ಲ. ದಾರಿಯನ್ನು ಶಿಷ್ಯನೇ ಹುಡುಕಿಕೊಳ್ಳಬೇಕು. ವಾದ್ಯದ ಮಿತಿಯನ್ನು ಬಲ್ಲ ಗುರು, ಇಷ್ಟು ಸಾಕು ಎಂದು ಕರುಣೆ ತೋರಿಸಿಬಿಡಬಹುದು. ಕಂಠವನ್ನಷ್ಟೇ ಬಲ್ಲ ಗುರುವಿಗೆ ಆ ಕರುಣೆ ಬರುವುದು ಕಷ್ಟ. ಇದು ನನ್ನ ಊಹೆಯೆಂದೇ ಇಟ್ಟುಕೊಳ್ಳಿ. ಆದರೆ ಫಲವನ್ನು ಕೇಳಿದವರಿಗೆ ಊಹೆ ದೂರ ಹೋದಂತೆ ತೋರದು.

ನಮ್ಮ ಪಾಠಕ್ರಮದಲ್ಲಿ ಈ ಕಠಿನ ಹಾಡಿನ ಸ್ಥಾನ ವರ್ಣಕ್ಕೆ ಸೇರಿದ್ದು. ಪುರಂದರದಾಸರ ಹೆಸರಿನೊಡನೆ ಕೂಡಿಬಂದ ಸರಳೆ, ಜಂಟಿ, ಅಲಂಕಾರಗಳು ಮಾಯಾಮಾಳವಗೌಳದಲ್ಲಿ ಮುಗಿದು, ಗೀತೆಗಳಾಗಿ, ಸ್ವರಜತಿಯಾಗಿ, ಆಮೇಲೆ ವರ್ಣ ಬರುತ್ತದೆ. ಪಾಶ್ಚಾತ್ಯರ ಅಭ್ಯಾಸಕೃತಿಗೂ ವರ್ಣಕ್ಕೂ ಒಂದು ಭೇದವುಂಟು. ವರ್ಣ ಕೇವಲ ಕೈಯ ವ್ಯಾಯಾಮವಲ್ಲ. ರಾಗದ ಸಕಲ ಲಕ್ಷಣವನ್ನೂ ಅದರಲ್ಲಿ ಅಡಕಮಾಡಿಟ್ಟಿದ್ದಾರೆ. ಹದಿನೆಂಟನೆಯ ಶತಮಾನದ ಪಚ್ಚಿಮಿರಿಯಂ ಆದಿಯಪ್ಪಯ್ಯನವರ ಭೈರವಿ ವರ್ಣ ಅಟತಾಳದಲ್ಲಿದೆ. ಆವರ್ತಕ್ಕೆ 14 ಅಕ್ಷರ. ಭೈರವಿಯ ಒಳಹೊರಗೆಲ್ಲ ಅದರಲ್ಲಿದೆ. ಕಛೇರಿಯ ಆರಂಭದಲ್ಲಿ ದೊಡ್ಡ ವಿದ್ವಾಂಸರೂ ಅದನ್ನು ಹಾಡುತ್ತಾರೆ, ಪಾಠಶಾಲೆಯ ಹುಡುಗಿಯೂ ಅದರೊಡನೆ ಹೆಣಗುತ್ತಾಳೆ.

ವರ್ಣವನ್ನು ಎರಡು ಕಾಲದಲ್ಲಿ ಸಾಧಿಸುವುದು ವಾಡಿಕೆ. ನಮ್ಮ ಎಳೆಯರಿಗೆಲ್ಲ ದುರಿತಕಾಲವೇ ಕಷ್ಟವೆಂಬ ಭಾವನೆ. ಗಿಟಾರಿನ ಹುಡುಗರಂತೂ ವೇಗವೇ ವಿದ್ಯೆ ಎಂದು ನಂಬಿಬಿಟ್ಟಿದ್ದಾರೆ. ಊದುವ ವಾದ್ಯದವರನ್ನು ಕೇಳಿ ನೋಡಿ. ವೇಗದಲ್ಲಿ ಕೀಲಿಗಳು ಪಟಪಟನೆ ನಡೆದುಬಿಡುತ್ತವೆ. ಸ್ವರದ ನಡುವಿನ ಬಿರುಕು ಕಿವಿಗೆ ಬೀಳುವಷ್ಟರಲ್ಲಿ ಮುಂದಿನ ಸ್ವರ ಬಂದಿರುತ್ತದೆ. ವಿಳಂಬದಲ್ಲಿಯೇ ಮಾನ ಹೋಗುವುದು. ಒಂದು ಗಾಂಧಾರವನ್ನು ಎರಡು ಅಕ್ಷರಕಾಲ ತೂಗಬೇಕೆಂದರೆ ಬೆರಳು ಸಹಾಯಕ್ಕೆ ಬಾರದು. ತುಟಿಯ ಬಿಗಿ, ಗಂಟಲಿನ ಅಗಲ, ಉಸಿರಿನ ಒತ್ತಡ, ಕೀಲಿಯನ್ನು ನೂಲೆಳೆಯಷ್ಟೇ ಎತ್ತುವ ನಾಜೂಕು, ಇವೆಲ್ಲ ಒಟ್ಟಿಗೆ ದುಡಿಯಬೇಕು. ಅದರಲ್ಲೂ ತುಟಿ ಸಡಿಲಿಸಿ ಸ್ವರವನ್ನು ಕೆಳಕ್ಕೆ ಬಗ್ಗಿಸುವುದು ಸುಲಭ, ಬಿಗಿಮಾಡಿ ಮೇಲಕ್ಕೆ ಎಳೆಯುವುದು ಕಷ್ಟ. ಆದಕಾರಣ ಮೇಲಿನ ಸ್ವರವನ್ನು ಹಿಡಿದು ಕೆಳಕ್ಕೆ ಬಾಗಿಸಿ ಬೇಕಾದ ಸ್ಥಾನಕ್ಕೆ ತರುವ ಉಪಾಯಗಳು ಬೇಕಾಗುತ್ತವೆ. ಇವನ್ನೆಲ್ಲ ಯಾವ ಪಾಠಪುಸ್ತಕವೂ ಬರೆದಿರಲಿಲ್ಲ.

ಇಲ್ಲಿಯೇ ತಂದೆಯ ನಾಗಸ್ವರ ಕೈಹಿಡಿದದ್ದು. ನಾಗಸ್ವರದಲ್ಲಿ ಅರ್ಧ ಕೆಲಸ ಬೆರಳಿನದಾದರೆ ಉಳಿದರ್ಧ ಉಸಿರಿನದು. ಉಸಿರಿನಿಂದಲೇ ಸ್ವರವನ್ನು ಮೇಲೆಕೆಳಗೆ ಮಾಡುವ ಸಂಸ್ಕಾರ ಬಾಲ್ಯದಿಂದ ಬಂದವರಿಗೆ, ಹೊಸ ವಾದ್ಯದಲ್ಲಿ ಬೆರಳು ಸೋತರೂ ಉಸಿರು ಸೋಲಲಿಲ್ಲ. ಜೊತೆಗೆ ವಾದ್ಯದ ಕೀಲಿಗಳ ಏರ್ಪಾಡನ್ನೂ ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡರು. ನಿಂತು ಊದುವ ವಾದ್ಯವನ್ನು ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಊದಿದರು. ಸ್ಯಾಕ್ಸೊಫೋನನ್ನು ಹೀಗೆ ಪಳಗಿಸಲು ಸುಮಾರು 20 ವರ್ಷ ಹಿಡಿಯಿತೆಂದು ಹೇಳುತ್ತಾರೆ. ಆರು ತಿಂಗಳಿಗೆ ಬೇಸರಪಡುವ ನಮ್ಮ ಗಿಟಾರಿನ ತರುಣರಿಗೆ ಈ ಸಂಖ್ಯೆಯನ್ನು ಮೆಲ್ಲಗೆ ತಿಳಿಸಬಹುದು. ತಂತಿಯನ್ನು ಎಳೆದು ಗಮಕ ಪಡೆಯುವ ಸೌಕರ್ಯ ಗಿಟಾರಿಗೆ ಉಂಟು, ಪಾಲಕೊಲ್ಲಿನ ಯು. ಶ್ರೀನಿವಾಸ್ (1969–2014) ಮ್ಯಾಂಡೊಲಿನಿನಲ್ಲಿ ಬಾಲ್ಯದಲ್ಲಿಯೇ ಅದನ್ನು ಮಾಡಿ ತೋರಿಸಿದರು. ಪಿತ್ತಳೆಯ ಕೊಳವೆಗೆ ಎಳೆಯಲು ತಂತಿಯೇ ಇಲ್ಲ.

ಮುಂದಿನದು ಬಹುಮಂದಿಗೆ ತಿಳಿದ ಕಥೆ, ಬೇಗನೆ ಹೇಳಿಬಿಡುತ್ತೇನೆ. ಮೊದಲ ಕಛೇರಿ ಚೆಂಬೈ ಸ್ಮಾರಕ ಟ್ರಸ್ಟಿಗಾಗಿ. 1980ರ ಮುಂಬಯಿ ಜಾಸ್ ಉತ್ಸವದಲ್ಲಿ ಇವರನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ಎಂಬ ಸ್ಯಾಕ್ಸೊಫೋನ್ ವಾದಕರು ತಾವೂ ವೇದಿಕೆಯೇರಿ ಜೊತೆಗೆ ನುಡಿಸಬಹುದೆ ಎಂದು ಕೇಳಿಕೊಂಡರು. 1994ರಲ್ಲಿ ಲಂಡನ್ನಿನಲ್ಲಿ ಬಿ.ಬಿ.ಸಿ.ಯವರ ಪ್ರೊಮೆನೇಡ್ ಕಛೇರಿ. ಅದೇ ವರ್ಷ ಕೆ. ಬಾಲಚಂದರ್ ಅವರ ‘ಡುಯೆಟ್’ ಚಿತ್ರಕ್ಕೆ ಎ.ಆರ್. ರಹಮಾನ್ ಸಂಗೀತದಲ್ಲಿ ನುಡಿಸಿದರು. ಅಲ್ಲಿಯವರೆಗೆ ಕಛೇರಿಗೆ ಕಾಲಿಡದಿದ್ದ ಮನೆಗಳಿಗೂ ಆ ನಾದ ಹೊಕ್ಕಿತು. ಪಿಟೀಲಿನ ಎ. ಕನ್ಯಾಕುಮಾರಿಯವರೊಡನೆ ಅವರ ಕಛೇರಿಗಳು ಊರೂರುಗಳಲ್ಲಿ ನಡೆದವು. 2004ರಲ್ಲಿ ಪದ್ಮಶ್ರೀ. 2008ರಲ್ಲಿ, ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ರುದ್ರೇಶ್ ಮಹಾಂತಪ್ಪ ಎಂಬ ಜಾಸ್ ವಾದಕರೊಡನೆ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ ಹೊರಬಂತು. ಒಂದೇ ವಾದ್ಯ, ಎರಡು ಮಾತೃಭಾಷೆ, ಕೇಳಿ ನೋಡತಕ್ಕದ್ದು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಅವರು ತೀರಿಕೊಂಡರು.

ರೇಡಿಯೋ ಕೇಳುವ ನಮಗೆ ಇವೆಲ್ಲಕ್ಕಿಂತ ಮಿಗಿಲಾದ ಸಂಗತಿ ಇನ್ನೊಂದು. ಮಂಗಳೂರಿಗೆ ಆಕಾಶವಾಣಿ ನಿಲಯ ಬಂದದ್ದು 1976ರಲ್ಲಿ. ಕೀಲಿಯ ವಾದ್ಯಕ್ಕೆ ಗಮಕ ಬಾರದೆಂದು ಒಮ್ಮೆ ಬಾಗಿಲು ಮುಚ್ಚಿದ್ದ ಅದೇ ಬಾನುಲಿಯಲ್ಲಿ ಕೀಲಿಯ ಇನ್ನೊಂದು ವಾದ್ಯ ಕರ್ನಾಟಕ ಸಂಗೀತದ ಹೊತ್ತಿನಲ್ಲಿಯೇ ಕೇಳಿಬಂತು. ಪೆಟ್ಟಿಗೆಯೊಳಗಿನ ನಾದಕ್ಕೆ ರೂಪವಿಲ್ಲವಷ್ಟೆ. ಕಣ್ಣಿಗೆ ಪಿತ್ತಳೆ ಕಾಣದಿದ್ದಾಗ ಕಿವಿ, ಇದೇನು ನಾಗಸ್ವರವೋ ಎಂದು ಒಂದು ಕ್ಷಣ ಹಿಂಜರಿಯುತ್ತಿತ್ತು. ಆ ಒಂದು ಕ್ಷಣಕ್ಕಾಗಿ ಎಷ್ಟು ವರ್ಣಗಳನ್ನು ಎಷ್ಟು ಬಾರಿ ಊದಿರಬೇಕು!

ಮೂಡುಬಿದಿರೆ, ಬೆಳ್ತಂಗಡಿಗಳ ಕಡೆಯವರು, ಇದೆಲ್ಲ ಕಛೇರಿ ಸಂಗೀತದ ಮಾತು, ನಮ್ಮ ಆಟದ ಹಿಮ್ಮೇಳದ ಮಾತೇಕಿಲ್ಲ ಎಂದು ಮುನಿಸಿಕೊಳ್ಳಬಹುದು. ಮುನಿಸು ನ್ಯಾಯವಾದದ್ದೇ. ಕಷ್ಟದ ಪದ್ಯದಿಂದ ಕೈ ತಿದ್ದುವ ಪಾಠಶಾಲೆ ಯಕ್ಷಗಾನದಲ್ಲಿ ಬಹುಕಾಲದಿಂದ ಒಂದೇ ರಾತ್ರಿಯೊಳಗೆ ಅಡಕವಾಗಿತ್ತು. ಸಂಜೆ ಚೌಕಿಯ ಪೂಜೆ ಮುಗಿದು ಪೂರ್ವರಂಗ ಆರಂಭವಾದಾಗ ಹಾಡುವವರು, ಬಾರಿಸುವವರು ಎಳೆಯರು. ರಾತ್ರಿ ಏರಿದಂತೆ ಪ್ರಸಂಗವೂ ಏರುತ್ತದೆ, ಪದ್ಯವೂ ಏರುತ್ತದೆ. ಮುಖ್ಯ ಭಾಗವತರು ಬಂದು ಕುಳಿತಾಗ ಎಳೆಯ ಮದ್ದಳೆಗಾರ ಎದ್ದು ಬದಿಗೆ ಸರಿದು, ನಿದ್ರೆಗೆಟ್ಟು ನೋಡುತ್ತಾನೆ. ನಾಳೆ ಆ ಜಾಗ ತನ್ನದಾಗಬೇಕು. ಮೂಡುಬಿದಿರೆಯ ಹತ್ತಿರ ಮಾರ್ನಾಡಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರ (1938–2023) ಏರುಶ್ರುತಿಯ ಪದ್ಯಗಳಿಗೆ ಚೆಂಡೆ ಮದ್ದಳೆ ಬಾರಿಸುವುದೇ ಒಂದು ಪರೀಕ್ಷೆ. ನಡೆ ನಿಧಾನವಾದಷ್ಟೂ ಪೆಟ್ಟುಗಳ ನಡುವಿನ ಬಯಲು ದೊಡ್ಡದಾಗುತ್ತದೆ. ಆ ಬಯಲಲ್ಲಿ ದಾರಿ ತಪ್ಪದೆ ಮುಕ್ತಾಯಕ್ಕೆ ಬಂದು ಮುಟ್ಟಬೇಕು. ಧರ್ಮಸ್ಥಳದಲ್ಲಿ 1970ರ ದಶಕದಲ್ಲಿ ಯಕ್ಷಗಾನ ಕಲಾಕೇಂದ್ರ ಆರಂಭವಾದ ಮೇಲೆ ಈ ವಿದ್ಯೆಗೆ ಹಗಲಿನ ತರಗತಿಯೂ ಸೇರಿಕೊಂಡಿತು. ವಿಳಂಬವೇ ಕಷ್ಟ ಎಂಬ ಸ್ಯಾಕ್ಸೊಫೋನಿನ ಪಾಠವನ್ನು ಹಿಮ್ಮೇಳದವರು ಹಿಂದಿನಿಂದಲೂ ಬಲ್ಲರು.

ಈಗ, ಮನಸ್ಸಿಗೆ ಕೊರೆಯುವ ಒಂದು ಮಾತು. ಗೋಪಾಲನಾಥರ ಕೀರ್ತಿಯ ಬೆನ್ನಿಗೆ ಸ್ಯಾಕ್ಸೊಫೋನು ತುಳುನಾಡಿನ ಹಳ್ಳಿಹಳ್ಳಿಗೂ ಇಳಿಯಿತು. ಇಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮದುವೆಯ ಚಪ್ಪರದಲ್ಲಿ, ದೇವಸ್ಥಾನದ ಅಂಗಳದಲ್ಲಿ, ಕೋಲದ ಗದ್ದೆಯಲ್ಲಿ ಅದು ಸಾಮಾನ್ಯ ದೃಶ್ಯ. ನಾಗಸ್ವರ ಹಲವೆಡೆ ಹಿಂದೆ ಸರಿದಿದೆ. ಪಿತ್ತಳೆಯ ವಾದ್ಯ ಕಡಮೆ ಉಸಿರಿಗೆ ಹೆಚ್ಚು ನುಡಿಯುತ್ತದೆ, ಸಿನಿಮಾ ಹಾಡಿಗೆ ಬಲು ಬೇಗ ಒಗ್ಗುತ್ತದೆ, ನೋಡುವುದಕ್ಕೂ ಥಳಥಳಿಸುತ್ತದೆ. ಹೀಗೆ, ಕಷ್ಟದ ಹಾಡಿನಿಂದ ನಮ್ಮದಾದ ವಾದ್ಯವೇ ಸುಲಭದ ಹಾಡಿನ ವಾಹನವೂ ಆಗಿದೆ. ದೂಷಿಸುವುದು ಸುಲಭ. ಆದರೆ ಹಣ ಕೊಟ್ಟು ಕರೆಸಿ, ಚೀಟಿಯಲ್ಲಿ ಸಿನಿಮಾ ಹಾಡಿನ ಹೆಸರು ಬರೆದು ಕಳಿಸುವವರು ನಾವೇ ತಾನೆ?

ಹೋದ ಬೇಸಗೆಯಲ್ಲಿ ಬೆಳ್ತಂಗಡಿಯ ಕಡೆಯ ಒಂದು ಮದುವೆಗೆ ಹೋಗಿದ್ದೆ. ಊಟದ ಹೊತ್ತಿಗೆ ಸ್ಯಾಕ್ಸೊಫೋನಿನವರು ಚೀಟಿಗಳನ್ನೆಲ್ಲ ಮುಗಿಸುತ್ತಿದ್ದರು. ನಡುವಯಸ್ಸಿನ ಮನುಷ್ಯ, ಕೈ ಚೆನ್ನಾಗಿ ಪಳಗಿತ್ತು. ಕೊನೆಯ ಪಂಕ್ತಿ ಎದ್ದ ಮೇಲೆ ಹತ್ತಿರ ಹೋಗಿ ಕೇಳಿದೆ.

“ಭೈರವಿ ವರ್ಣ ಕಲಿತದ್ದುಂಟೋ?”

“ಉಂಟು ಮಾಷ್ಟ್ರೇ,” ಎಂದರು. “ಅಪ್ಪ ಹೊಡೆದು ಕಲಿಸಿದ್ದು. ನಾಗಸ್ವರದಲ್ಲಿ.”

“ಇದರಲ್ಲಿ?”

“ಇದರಲ್ಲಿ ಬರ್ಲಿಕ್ಕೆ ಎಂಟು ವರ್ಷ ಹೋಯಿತು. ಚಪ್ಪರದಲ್ಲಿ ಯಾರೂ ಕೇಳುವುದಿಲ್ಲ ಮಾರಾಯ್ರೇ. ಆದರೆ ಬೆಳಿಗ್ಗೆ ಮನೆಯಲ್ಲಿ ಅದನ್ನು ಊದದೆ ಬಂದರೆ ಈ ಸಿನಿಮಾ ಹಾಡುಂಟಲ್ಲ, ಇದೂ ಸರಿಯಾಗಿ ಬರುವುದಿಲ್ಲ.”

ಅಡಿಗೆಯವರು ದೊಡ್ಡ ಪಾತ್ರೆಗಳನ್ನು ಲಾರಿಗೆ ಏರಿಸುತ್ತಿದ್ದರು. ಡೋಲಿನವರು ಆಗಲೇ ಡೋಲಿಗೆ ಬಟ್ಟೆ ಸುತ್ತಿ ಕಟ್ಟಿಯಾಗಿತ್ತು. ಅವರು ಒಮ್ಮೆ ಸುತ್ತ ನೋಡಿ, ರೀಡನ್ನು ನಾಲಗೆಗೆ ತಾಗಿಸಿ, ತೊಡೆಯ ಮೇಲೆ ತಾವೇ ಬೆರಳಿನಿಂದ ಅಟತಾಳದ ಒಂದು ಆವರ್ತ ಎಣಿಸಿಕೊಂಡು ಪಲ್ಲವಿಯನ್ನು ಎತ್ತಿದರು. ಮೊದಲನೆಯ ಕಾಲ. ಎರಡನೆಯ ಕಾಲಕ್ಕೆ ಹೋಗಲೇ ಇಲ್ಲ. ಅಷ್ಟರಲ್ಲಿ ಅವರ ಸಂಗಡಿಗರು ಉಜಿರೆಯ ಬಸ್ಸು ಬಂತೆಂದು ಕೂಗಿದರು.